ಎಂಟೂ ಕೋಶ ಒಂದೇ ಥರ ಇದ್ದಾಗ, ಯಾವುದು ಹೊರಗಿನದು ಯಾವುದು ಒಳಗಿನದು ಅಂತ ತೀರ್ಮಾನ ಆಗುವುದು ಹೇಗೆ?

ಶಿಡ್ಲಘಟ್ಟ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಯೊಂದನ್ನು ಕಳೆದ ವಾರ ಒಬ್ಬ ಹುಡುಗಿ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ದ್ವಿತೀಯ ಪಿಯು ತರಗತಿ. ಮಾನವ ಸಂತಾನೋತ್ಪತ್ತಿ ಪಾಠ. ಫಲಿತ ಮೊಟ್ಟೆ ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ. 8ರಿಂದ 16 ಕೋಶ ಇರುವಾಗ ಅದಕ್ಕೆ ಮೊರುಲಾ ಅನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಹಿಪ್ಪುನೇರಳೆ ಹಣ್ಣಿಗೆ ಇರುವ ಹೆಸರಿನಿಂದ ಬಂದ ಪದ ಅದು. ನಮ್ಮ ಕಡೆ ಅರ್ಧ ತರಗತಿ ಮಕ್ಕಳ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹಾಗಾಗಿ ಈ ಪಾಠಕ್ಕೆ ನಾನು ಪ್ರತಿ ವರ್ಷ ಹಿಪ್ಪುನೇರಳೆ ಹಣ್ಣು ತರುತ್ತೇನೆ. ತೋಟದಲ್ಲಿ ಸೊಪ್ಪಿಗೆ ಅಂತ ಕೊಯ್ಯುವ ಗಿಡದಲ್ಲಿ ಹಣ್ಣು ಸಿಗುವುದು ಕಷ್ಟ. ಬದುವಿನ ಮೇಲೆ ಮರ ಆಗಲು ಬಿಟ್ಟ ಗಿಡದಲ್ಲಿ ಸಿಗುತ್ತದೆ. ಅಂಥದ್ದೊಂದು ಹಿಡಿ ತಂದು ಎಲ್ಲರಿಗೂ ಒಂದೊಂದು ಕೊಟ್ಟೆ. ಆಮೇಲೆ ಬೋರ್ಡಿನ ಮೇಲೆ ಮೊರುಲಾದ ಮುಂದಿನ ಹಂತವಾದ ಬ್ಲಾಸ್ಟೊಸಿಸ್ಟ್ ಚಿತ್ರ ಬರೆದೆ. ಹೊರಗಿನ ಪದರ ಟ್ರೋಫೋಬ್ಲಾಸ್ಟ್, ಅದರಿಂದ ಮಾಸು. ಒಳಗಿನ ಗುಂಪಿನಿಂದ ಮಗು.

ಹಿಂದಿನ ಬೆಂಚಿನ ಹುಡುಗಿ ಹಣ್ಣನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಾ ಕೇಳಿದಳು. "ಸರ್, ಎಂಟೇ ಕಾಳು ಇದ್ದರೆ ಎಂಟೂ ಹೊರಗೇ ಕಾಣುತ್ತವೆ. ಒಳಗೆ ಯಾವುದೂ ಇರುವುದಿಲ್ಲ. ಹಾಗಾದರೆ ಒಳಗಿನದು ಎಲ್ಲಿಂದ ಬಂತು?" ನಾನು, "ಕೋಶ ಜಾಸ್ತಿ ಆದ ಹಾಗೆ ಕೆಲವು ಮಧ್ಯೆ ಸಿಕ್ಕಿಕೊಳ್ಳುತ್ತವೆ, ಅವೇ ಒಳಗಿನವು" ಅಂದೆ. ಅವಳು ಬಿಡಲಿಲ್ಲ. "ತಾನು ಮಧ್ಯೆ ಸಿಕ್ಕಿಕೊಂಡಿದ್ದೇನೆ ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಸರ್?"

ಸೋಮವಾರ ಹೇಳುತ್ತೇನೆ ಅಂದೆ. ಎರಡು ರಾತ್ರಿ ಹುಡುಕಿದೆ. ಪಾರ್, ಎಪಿಕೆಸಿ, ಹಿಪ್ಪೋ ಅಂತ ಹೆಸರುಗಳು ಸಿಕ್ಕವು. ಒಂದಕ್ಕೊಂದು ಸಂಬಂಧ ಏನು ಅಂತ ಮಾತ್ರ ಸಿಕ್ಕಲಿಲ್ಲ. ತಿಳಿದವರು ಯಾರಾದರೂ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳುತ್ತೀರಾ? ಸುಮ್ನೆ ಏನೋ ಒಂದು ಹೇಳಿ ಅವಳ ಬಾಯಿ ಮುಚ್ಚಿಸಲು ನನಗೆ ಇಷ್ಟವಿಲ್ಲ.

---

ತೀರ್ಥಹಳ್ಳಿ ಸುಮ:

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಕೇಳಿದ ಎರಡನೇ ಪ್ರಶ್ನೆ ಇದೆಯಲ್ಲ, ಅದರ ಹಿಂದೆಯೇ ನಾನು ಐದು ವರ್ಷ ಇದ್ದೆ. ಇಲಿಯ ಭ್ರೂಣದ ಮೇಲೆ ನನ್ನ ಪಿಎಚ್‌ಡಿ. ಈ ಪ್ರಶ್ನೆಯನ್ನು ಕನ್ನಡದಲ್ಲಿ ಯಾರೋ ಕೇಳಿದ್ದು ನೋಡಿ ತುಂಬಾ ಖುಷಿ ಆಯಿತು. ಉತ್ತರ ಉದ್ದ ಆಗುತ್ತದೆ. ನಾನು ಹೇಳುವುದು ಇಲಿಯ ವಿಷಯ. ಅದರಲ್ಲೇ ಜಾಸ್ತಿ ಕೆಲಸ ಆಗಿದೆ.

ಮೊದಲು ಅವಳಿಗೆ ಹೇಳಿ: ನೀನು ನೋಡಿದ್ದು ಸರಿ. ಎಂಟು ಕೋಶದ ಹಂತದಲ್ಲಿ ಒಳಗೆ ಯಾರೂ ಇಲ್ಲ. ಎಂಟಕ್ಕೂ ಹೊರಮೈ ಇದೆ.

ಇನ್ನು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಅನ್ನುವುದು. ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಯಾರೂ ಹೇಳುವುದಿಲ್ಲ. ತನ್ನ ಮೈಯ ಯಾವ ಭಾಗಕ್ಕೆ ಪಕ್ಕದ ಕೋಶ ತಾಗಿದೆ, ಯಾವ ಭಾಗಕ್ಕೆ ತಾಗಿಲ್ಲ, ಇಷ್ಟೇ ಅದಕ್ಕೆ ತಿಳಿಯುವುದು. ತಾಗದೆ ಖಾಲಿ ಉಳಿದ ಭಾಗದಲ್ಲಿ ಅದು ಒಂದು ಟೋಪಿ ಕಟ್ಟಿಕೊಳ್ಳುತ್ತದೆ. ಲ್ಯಾಬಿನಲ್ಲಿ ಇದಕ್ಕೆ ಏಪಿಕಲ್ ಡೊಮೇನ್ ಅನ್ನುತ್ತೇವೆ, ಇಲ್ಲಿ ಟೋಪಿ ಅಂತಲೇ ಕರೆಯೋಣ. ಅಲ್ಲಿವರೆಗೆ ಎಲ್ಲ ಕಡೆಯೂ ಒಂದೇ ಥರ ಇದ್ದ ಕೋಶಕ್ಕೆ ಈಗ ಒಂದು ಮೇಲು, ಒಂದು ಕೆಳಗು ಬಂತು. ಪೋಲಾರಿಟಿ ಅಂದರೆ ಇದೇ. ಮುಂದಿನ ಸಲ ಕೋಶ ಒಡೆದು ಎರಡು ಮಗಳು ಕೋಶ ಆದಾಗ ಟೋಪಿ ಯಾವ ಮಗಳಿಗೆ ಸಿಗುತ್ತದೋ ಅವಳು ಮಾಸಿನ ದಾರಿ ಹಿಡಿಯುತ್ತಾಳೆ. ಟೋಪಿ ಸಿಗದವಳು ಒಳಗೆ ಹೋಗುತ್ತಾಳೆ.

ಇದು ಹೇಗೆ ಗೊತ್ತಾಯಿತು ಅನ್ನುವ ಕಥೆ ಮಕ್ಕಳಿಗೆ ಹೇಳಲೇಬೇಕು.

1959ರಲ್ಲಿ ಪೋಲೆಂಡಿನ ಆಂಜೆಯ್ ತಾರ್ಕೋವ್‌ಸ್ಕಿ ಇಲಿಯ ಎರಡು ಕೋಶದ ಭ್ರೂಣ ತೆಗೆದುಕೊಂಡು, ಒಂದು ಕೋಶವನ್ನು ಸೂಜಿಯಿಂದ ಚುಚ್ಚಿ ಸಾಯಿಸಿದರು. ಉಳಿದ ಇನ್ನೊಂದರಿಂದ ಪೂರ್ತಿ ಇಲಿ ಹುಟ್ಟಿತು. ಎಡಗಡೆ ಕೋಶ ಮಗುವಿಗೆ, ಬಲಗಡೆಯದು ಮಾಸಿಗೆ ಅಂತ ಮೊದಲೇ ಹಂಚಿಟ್ಟಿದ್ದರೆ ಹೀಗೆ ಆಗಲು ಸಾಧ್ಯವೇ ಇರಲಿಲ್ಲ. 1967ರಲ್ಲಿ ಅವರೂ ಯೊವಾನಾ ವ್ರುಬ್ಲೆವ್‌ಸ್ಕಾ ಅವರೂ ಸೇರಿ ಒಂದು ಮಾತು ಮುಂದಿಟ್ಟರು. ಹೊರಗೆ ಕೂತ ಕೋಶ ಮಾಸಿನ ಕಡೆ ಹೋಗುತ್ತದೆ, ಒಳಗೆ ಸಿಕ್ಕಿಕೊಂಡದ್ದು ಮಗುವಿನ ಕಡೆ ಹೋಗುತ್ತದೆ ಅಂತ. ಮೇಷ್ಟ್ರೇ, ನೀವು ತರಗತಿಯಲ್ಲಿ ಹೇಳಿದ್ದು ಇದೇ. ನೀವು ತಪ್ಪು ಹೇಳಿಲ್ಲ. ಆದರೆ ನಿಮ್ಮ ಹುಡುಗಿ ಹಾಕಿದ ಕೊಕ್ಕೆ ಆ ಮಾತಿಗೂ ಬೀಳುತ್ತದೆ. ಒಳಗು ಹೊರಗು ಕೋಶಕ್ಕೆ ತಿಳಿಯುವುದು ಹೇಗೆ?

ಅದನ್ನು ಬಿಡಿಸಿದವರು ಕೇಂಬ್ರಿಜ್‌ನಲ್ಲಿದ್ದ ಕ್ಯಾರಲ್ ಜಿಯೊಮೆಕ್ ಮತ್ತು ಮಾರ್ಟಿನ್ ಜಾನ್ಸನ್. 1980ರಲ್ಲಿ ಅವರು ಎಂಟು ಕೋಶದ ಭ್ರೂಣವನ್ನು ಬಿಡಿಸಿ, ಎರಡೆರಡೇ ಕೋಶಗಳನ್ನು ಅಂಟಿಸಿ ಇಟ್ಟರು. ಇಂಗ್ಲಿಷಿನ 8 ಅಂಕಿಯ ಹಾಗೆ. ಹೊಳೆಯುವ ಬಣ್ಣ ಹಾಕಿ ನೋಡಿದರೆ, ಟೋಪಿ ಎರಡು ಕೋಶ ಅಂಟಿದ ಜಾಗಕ್ಕೆ ಸರಿಯಾಗಿ ಎದುರು ತುದಿಯಲ್ಲಿ ಬಂದಿತ್ತು. ಒಂಟಿಯಾಗಿ ಬಿಟ್ಟ ಕೋಶಗಳಲ್ಲಿ ಹಾಗೆ ಟೋಪಿ ಕಟ್ಟಿದ್ದು ತುಂಬಾ ಕಡಿಮೆ. ಅಂದರೆ ದಿಕ್ಕು ಕೊಡುವುದು ಪಕ್ಕದವರ ಸ್ಪರ್ಶ. ಮರುವರ್ಷ, 1981ರಲ್ಲಿ, ಈ ಟೋಪಿಯ ಹಂಚಿಕೆಯಿಂದಲೇ ಎರಡು ಬಗೆಯ ಕೋಶ ಹುಟ್ಟುತ್ತವೆ ಅಂತ ಅವರು ತೋರಿಸಿದರು.

ಈ 8 ಅಂಕಿ ಪ್ರಯೋಗವನ್ನು ನಾನೂ ಕೈಯಾರೆ ಮಾಡಿದ್ದೇನೆ. ಭ್ರೂಣದ ಸುತ್ತ ಇರುವ ಪಾರದರ್ಶಕ ಚಿಪ್ಪು ತೆಗೆಯಬೇಕು. ಆಮೇಲೆ ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿ ಸ್ವಲ್ಪ ಹೊತ್ತು ಇಟ್ಟು, ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ಮೆತ್ತಗೆ ಒಳಗೆ ಹೊರಗೆ ಎಳೆದರೆ ಕೋಶಗಳು ಬಿಟ್ಟುಕೊಳ್ಳುತ್ತವೆ. ಇಡೀ ಭ್ರೂಣವೇ ಹೆಚ್ಚು ಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರಲ್ಲಿ ಎಂಟನೇ ಒಂದು ಪಾಲು ಹಿಡಿಯಬೇಕು. ಮೊದಲ ಎರಡು ತಿಂಗಳು ನನ್ನ ಕೈ ನಡುಗುತ್ತಿತ್ತು. ಒಂದು ಜೋಡಿಯಲ್ಲಿ ಎರಡೂ ತುದಿಗಳು ಹಸಿರಾಗಿ ಹೊಳೆದದ್ದನ್ನು ಮೊದಲ ಸಲ ನೋಡಿದಾಗ ಬೆಳಗಿನ ಜಾವ ಮೂರು ಗಂಟೆ. ಊರಿನಲ್ಲಿ ಅಮ್ಮ ಎದ್ದಿರುವ ಹೊತ್ತು ಅಂತ ಲೆಕ್ಕ ಹಾಕಿ ಫೋನ್ ಮಾಡಿ ಹೇಳಿದೆ. ಅವರಿಗೆ ಏನು ಅರ್ಥ ಆಯಿತೋ ಗೊತ್ತಿಲ್ಲ. "ಇಬ್ಬರೂ ಬೆನ್ನು ಹಾಕಿಕೊಂಡು ಕೂತ ಹಾಗಾ?" ಅಂತ ಕೇಳಿದರು. ಹೌದು, ಸರಿಯಾಗಿ ಹಾಗೆಯೇ. ಬೆನ್ನಿಗೆ ಬೆನ್ನು ಅಂಟಿಸಿ, ಮುಖ ಆಚೆ.

ಕ್ಯಾಲ್ಸಿಯಂ ಅಂದೆನಲ್ಲ, ಅದನ್ನೂ ಹೇಳುತ್ತೇನೆ. ಎಂಟು ಕೋಶ ಆದ ಮೇಲೆ ಕೆಲವು ಗಂಟೆ ಅವು ದುಂಡು ದುಂಡಾಗಿ, ನಿಮ್ಮ ಹಿಪ್ಪುನೇರಳೆಯ ಹಾಗೇ ಇರುತ್ತವೆ. ಆಮೇಲೆ ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಳ್ಳುತ್ತವೆ. ನಡುವಿನ ಗೆರೆಗಳು ಮಾಯ ಆಗಿ ಇಡೀ ಭ್ರೂಣ ನುಣ್ಣನೆಯ ಒಂದೇ ಉಂಡೆ ಆಗುತ್ತದೆ. ಇದು ಕಂಪ್ಯಾಕ್ಷನ್. ಅಂಟಿಸುವ ಪ್ರೋಟೀನಿನ ಹೆಸರು ಇ-ಕ್ಯಾಡ್ಹೆರಿನ್. ಅದಕ್ಕೆ ಹಳೆಯ ಹೆಸರು ಯುವೊಮೊರುಲಿನ್. ನೋಡಿ, ಅಲ್ಲೂ ಮೊರುಲಾ ಇದೆ. ಈ ಪ್ರೋಟೀನಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಒಂದು ರಾತ್ರಿ ನಾನು ತಪ್ಪಿ ಕ್ಯಾಲ್ಸಿಯಂ ಇಲ್ಲದ ಹನಿಯಲ್ಲೇ ಹನ್ನೊಂದು ಭ್ರೂಣ ಬಿಟ್ಟುಬಿಟ್ಟೆ. ಬಂದು ನೋಡಿದರೆ ಒಂದೂ ಅಪ್ಪಿಕೊಂಡಿರಲಿಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಬಿಡಿ ಬಿಡಿ. ಕ್ಯಾಲ್ಸಿಯಂ ಇರುವ ಹನಿಗೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಒಂದೊಂದಾಗಿ ಚಪ್ಪಟೆಯಾಗಿ ಅಂಟಿಕೊಳ್ಳಲು ಶುರು ಮಾಡಿದವು. ಆ ರಾತ್ರಿ ನನಗೆ ತುಂಬಾ ಬೇಜಾರಾಗಿತ್ತು, ಆದರೆ ಕಂಪ್ಯಾಕ್ಷನ್ ಅಂದರೆ ಏನು ಅಂತ ಮನಸ್ಸಿಗೆ ಇಳಿದದ್ದು ಆಗಲೇ.

ಅಪ್ಪಿಕೊಳ್ಳುವುದು ಬರೀ ಅಂಟಿನಿಂದ ಅಲ್ಲ. ಕೋಶದ ಚರ್ಮದ ಒಳಗೆ ಆಕ್ಟಿನ್, ಮಯೋಸಿನ್ ಅನ್ನುವ ಎಳೆಗಳಿವೆ. ನಮ್ಮ ಸ್ನಾಯುವಿನಲ್ಲಿ ಇರುವ ಜಾತಿಯವೇ. ಜಾನ್-ಲಿಯೊನ್ ಮೇತ್ರ್ ಮತ್ತು ಜೊತೆಯವರು 2015ರಲ್ಲಿ ತೋರಿಸಿದ ಹಾಗೆ, ಎಂಟು ಕೋಶದ ಹಂತದಲ್ಲಿ ಈ ಎಳೆಗಳು ಸುಮಾರು 80 ಸೆಕೆಂಡಿಗೊಮ್ಮೆ ಅಲೆಯ ಹಾಗೆ ಬಿಗಿಯುತ್ತವೆ. ವಿಡಿಯೊ ವೇಗವಾಗಿ ಓಡಿಸಿದರೆ ಭ್ರೂಣ ಮಿಡಿಯುವ ಹಾಗೆ ಕಾಣುತ್ತದೆ.

ಈಗ ನಿಮಗೆ ಸಿಕ್ಕ ಹೆಸರುಗಳಿಗೆ ಬರೋಣ. ಪಾರ್ ಅನ್ನುವ ಜೀನ್‌ಗಳ ಗುಂಪು ಮೊದಲು ಸಿಕ್ಕಿದ್ದು ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ದುಂಡು ಹುಳದಲ್ಲಿ. ಕೆನ್ ಕೆಂಫ್ಯೂಸ್ ಮತ್ತು ಸಂಗಡಿಗರು, 1988. ಹುಳದ ಮೊಟ್ಟೆಯಲ್ಲಿ ವೀರ್ಯಾಣು ಒಳಗೆ ಬಂದ ಕಡೆಯೇ ಹಿಂಬದಿ. ಅಲ್ಲಿ ದಿಕ್ಕು ಮೊದಲ ಕ್ಷಣದಲ್ಲೇ ಸಿಕ್ಕಿಬಿಡುತ್ತದೆ. ಇಲಿ ಮೂರು ಸಲ ಒಡೆದು ಎಂಟು ಆಗುವ ತನಕ ಕಾಯುತ್ತದೆ. ಆದರೆ ಟೋಪಿ ಕಟ್ಟುವ ಸಾಮಾನು ಮಾತ್ರ ಹುಳದಲ್ಲಿದ್ದ ಅದೇ ಪಾರ್-3, ಪಾರ್-6, ಎಪಿಕೆಸಿ ಅನ್ನುವ ಪ್ರೋಟೀನ್‌ಗಳು. ಕೋಟ್ಯಂತರ ವರ್ಷದ ಹಿಂದೆ ಬೇರೆ ಬೇರೆ ದಾರಿ ಹಿಡಿದ ಎರಡು ಪ್ರಾಣಿಗಳಿಗೆ ಒಂದೇ ಸಾಮಾನು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಟೋಪಿ ಒಂದೇ ಏಟಿಗೆ ಬರುವುದಿಲ್ಲ. ಮೊದಲು ಆಕ್ಟಿನ್, ಮಯೋಸಿನ್ ಎಳೆಗಳು ಖಾಲಿ ಮೈಯ ಕಡೆಗೆ ಸೇರುತ್ತವೆ. ಆಮೇಲೆ ಪಾರ್ ಗುಂಪು ಬಂದು ಅದೇ ಜಾಗದಲ್ಲಿ ಕೂರುತ್ತದೆ. ಮಗ್ದಲೇನಾ ಜೆರ್ನಿಕಾ-ಗ್ಯೋಟ್ಸ್ ಅವರ ಗುಂಪು 2017ರಲ್ಲಿ ಮಾಡಿದ ಒಂದು ಪ್ರಯೋಗ ಇದೆ. ಮೊದಲ ಹೆಜ್ಜೆಯ ಸ್ವಿಚ್ಚನ್ನು ನಾಲ್ಕು ಕೋಶದ ಹಂತದಲ್ಲೇ ಬಲವಂತವಾಗಿ ಒತ್ತಿದರು. ಎಳೆಗಳು ಬೇಗ ಸೇರಿದವು. ಪಾರ್ ಗುಂಪು ಬರಲಿಲ್ಲ. ಯಾಕೆ ಬರಲಿಲ್ಲ? ಅದಕ್ಕೆ ಅವರ ಗುಂಪೇ 2020ರಲ್ಲಿ ಉತ್ತರ ಕೊಟ್ಟಿತು. ಇಲಿಯ ಭ್ರೂಣ ಎರಡು ಕೋಶದ ಹೊತ್ತಿಗೆ ತನ್ನ ಸ್ವಂತ ಜೀನ್‌ಗಳನ್ನು ಜೋರಾಗಿ ಓದಲು ಶುರು ಮಾಡುತ್ತದೆ. ಆಗ ಟಿಎಫ್‌ಎಪಿ2ಸಿ, ಟೀಡ್4 ಅನ್ನುವ ಎರಡು ಪ್ರೋಟೀನ್ ನಿಧಾನವಾಗಿ ಸಂಗ್ರಹ ಆಗುತ್ತವೆ. ಅವು ಸಾಕಷ್ಟು ಆಗಬೇಕು, ಜೊತೆಗೆ ಎಳೆ ಬಿಗಿಸುವ ರೋ-ಎ ಅನ್ನುವ ಪ್ರೋಟೀನ್ ಚುರುಕಾಗಬೇಕು. ಮೂರೂ ಕೂಡಿದಾಗ ಟೋಪಿ. ಈ ಮೂರನ್ನೂ ಮೊದಲೇ ಕೊಟ್ಟರೆ ನಾಲ್ಕು ಕೋಶದಲ್ಲೇ ಟೋಪಿ ಬಂದುಬಿಡುತ್ತದೆ. ಅಂದರೆ ಭ್ರೂಣದ ಗಡಿಯಾರ ಕೋಶದ ಲೆಕ್ಕ ಇಡುತ್ತಿಲ್ಲ. ಅಕ್ಕಿ ನೆನೆದಿದೆಯಾ ಅಂತ ನೋಡುವ ಹಾಗೆ, ಸಾಮಾನು ತುಂಬಿದೆಯಾ ಅಂತ ನೋಡುತ್ತಿದೆ.

ಇನ್ನು ಹಿಪ್ಪೋ. ಇದು ಕೋಶದೊಳಗೆ ಸಂದೇಶ ದಾಟಿಸುವ ಪ್ರೋಟೀನ್‌ಗಳ ಸರಪಳಿ. ಟೋಪಿ ಇರುವ ಕೋಶದಲ್ಲಿ ಯಾಪ್ ಅನ್ನುವ ಪ್ರೋಟೀನ್ ನ್ಯೂಕ್ಲಿಯಸ್ ಒಳಗೆ ಹೋಗಿ ಟೀಡ್4 ಜೊತೆ ಸೇರಿ ಸಿಡಿಎಕ್ಸ್2 ಜೀನನ್ನು ಎಬ್ಬಿಸುತ್ತದೆ. ಅದು ಮಾಸಿನ ಕಡೆಯ ಜೀನ್. ಟೋಪಿ ಇಲ್ಲದೆ ಸುತ್ತಲೂ ಪಕ್ಕದವರೇ ತಾಗಿರುವ ಕೋಶದಲ್ಲಿ ಹಿಪ್ಪೋ ವ್ಯವಸ್ಥೆ ಚಾಲೂ ಆಗಿ ಯಾಪ್‌ ಅನ್ನು ಬಾಗಿಲಲ್ಲೇ ತಡೆಯುತ್ತದೆ. ಸಿಡಿಎಕ್ಸ್2 ಏಳುವುದಿಲ್ಲ. ನಿಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಧ್ಯೆ ಸಿಕ್ಕಿಕೊಂಡಿದ್ದೇನೆ ಅಂತ ಕೋಶಕ್ಕೆ ತಿಳಿಯುವುದು, ಅದಕ್ಕೆ ಖಾಲಿ ಮೈ ಉಳಿದಿಲ್ಲ ಅನ್ನುವುದರಿಂದ.

ಟೋಪಿಯೇ ಕಾರಣವಾ, ಅಥವಾ ಅದು ಹೊರಗಿನ ಕೋಶದಲ್ಲಿ ಸುಮ್ನೆ ಕಾಣುವ ಗುರುತಾ ಅಂತ ಅನುಮಾನ ಬರಬಹುದು. ನನಗೂ ಇತ್ತು. ತಕಾಶಿ ಹಿರಾಗಿ ಅವರ ಗುಂಪು ಹೈಡೆಲ್‌ಬರ್ಗ್‌ನಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿತು. ಟೋಪಿಯ ತುಂಡನ್ನೇ ತೆಗೆದು ಬೇರೆ ಕೋಶಕ್ಕೆ ಕಸಿ ಮಾಡಿದರು! ಕಸಿ ಪಡೆದ ಕೋಶ ಮಾಸಿನ ದಾರಿ ಹಿಡಿಯಿತು. 2017ರಲ್ಲಿ ಪ್ರಕಟ ಆಯಿತು. ಕೋಶ ಒಡೆಯುವಾಗ ಟೋಪಿ ತನ್ನ ಕಡೆಗೆ ಸ್ಪಿಂಡಲ್‌ನ (ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಹಂಚುವ ಎಳೆಗಳ ಕಟ್ಟು) ಒಂದು ತುದಿಯನ್ನು ಎಳೆದುಕೊಳ್ಳುತ್ತದೆ ಅಂತಲೂ ಅವರು ಕಂಡರು. ಹಾಗಾಗಿ ಟೋಪಿ ಒಬ್ಬಳಿಗೇ ಸಿಗುವ ಸಾಧ್ಯತೆ ಜಾಸ್ತಿ ಆಗುತ್ತದೆ. ನೀವು ಇದೊಂದನ್ನು ತರಗತಿಯಲ್ಲಿ ಹೇಳಿದರೂ ಸಾಕು.

---

ಹುಬ್ಬಳ್ಳಿ ಲ್ಯಾಬ್:

ಸುಮ ಅವರು ಇಲಿಯ ಕಥೆ ಚೆನ್ನಾಗಿ ಹೇಳಿದ್ದಾರೆ. ನಾನು ಐವಿಎಫ್ ಲ್ಯಾಬಿನಲ್ಲಿ ಎಂಬ್ರಿಯಾಲಜಿಸ್ಟ್. ಮನುಷ್ಯರ ಭ್ರೂಣವನ್ನು ದಿನಾ ನೋಡುತ್ತೇನೆ. ಆ ಕಡೆಯಿಂದ ಒಂದೆರಡು ಮಾತು.

ನಮ್ಮಲ್ಲಿ ಮೂರನೇ ದಿನ ಎಂಟು ಕೋಶ. ನಾಲ್ಕನೇ ದಿನ ಕಂಪ್ಯಾಕ್ಷನ್. ಐದನೇ ದಿನ ಬ್ಲಾಸ್ಟೊಸಿಸ್ಟ್. ಇಲಿಗಿಂತ ನಿಧಾನ. ಇಲಿಯಲ್ಲಿ ಎಂಟೂ ಕೋಶ ಒಟ್ಟಿಗೆ ಅಪ್ಪಿಕೊಳ್ಳುತ್ತವೆ. ಮನುಷ್ಯರಲ್ಲಿ ಅಷ್ಟು ಶಿಸ್ತಿಲ್ಲ. ಕೆಲವು ಭ್ರೂಣದಲ್ಲಿ ಒಂದೆರಡು ಕೋಶ ಹೊರಗೇ ಉಳಿದುಬಿಡುತ್ತವೆ, ಉಂಡೆಗೆ ಸೇರುವುದೇ ಇಲ್ಲ.

ಒಂದು ಘಟನೆ. ಗದಗ ಕಡೆಯ ದಂಪತಿ ಬಂದಿದ್ದರು. ಮೂರನೇ ದಿನದ ಫೋಟೋ ತೋರಿಸಿದಾಗ ಆಕೆ ಎಂಟೂ ಕೋಶ ಎಣಿಸಿ ಸಂತೋಷಪಟ್ಟಿದ್ದರು. ನಾಲ್ಕನೇ ದಿನದ ಫೋಟೋ ನೋಡಿ ಮುಖ ಸಣ್ಣದಾಯಿತು. "ಕೋಶನೇ ಕಾಣವಲ್ವು, ಕರಗಿ ಹೋದವೇನ್ರಿ?" ಅಂತ ಕೇಳಿದರು. ಕಣ್ಣಲ್ಲಿ ನೀರು. ಕರಗಿಲ್ಲ ತಾಯಿ, ಒಂದನ್ನೊಂದು ಹಿಡಕೊಂಡಾವ, ಹಿಂಗ ಆಗಬೇಕು ಅಂತ ಹೇಳಿದೆ. ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ನಾಲ್ಕನೇ ದಿನದ ಫೋಟೋ ಕೊಡುವ ಮೊದಲೇ, ಗೆರೆ ಮಾಯ ಆಗಿರುತ್ತವೆ, ಹೆದರಬೇಡಿ ಅಂತ ಹೇಳಿಬಿಡುತ್ತೇನೆ.

ಬ್ಲಾಸ್ಟೊಸಿಸ್ಟ್ ರಿಪೋರ್ಟಿನಲ್ಲಿ 4ಎಬಿ ಅಂತ ಬರೆದಿರುತ್ತಾರಲ್ಲ, ಅದರಲ್ಲಿ ಅಂಕಿ ಅದು ಎಷ್ಟು ಉಬ್ಬಿದೆ ಅನ್ನುವುದಕ್ಕೆ. ಮೊದಲ ಅಕ್ಷರ ಒಳಗಿನ ಗುಂಪಿಗೆ, ಎರಡನೆಯದು ಹೊರಗಿನ ಪದರಕ್ಕೆ. ಅಂದರೆ ಸುಮ ಅವರು ಹೇಳಿದ ಟೋಪಿ ಸಿಕ್ಕವರು, ಸಿಗದವರು, ಇಬ್ಬರಿಗೂ ಬೇರೆ ಬೇರೆ ಅಂಕ. ಕ್ರೋಮೋಸೋಮ್ ಪರೀಕ್ಷೆಗೆ ಕೋಶ ತೆಗೆಯುವಾಗಲೂ ಹೊರಗಿನ ಪದರದಿಂದ 5ರಿಂದ 10 ಕೋಶ ತೆಗೆಯುತ್ತಾರೆ. ಮಗು ಆಗುವ ಗುಂಪಿಗೆ ಕೈ ಹಚ್ಚುವುದಿಲ್ಲ.

ಮನುಷ್ಯರಲ್ಲೂ ಟೋಪಿ ಇದೆಯಾ ಅಂತ ಕೇಳಿದರೆ, ಇದೆ. ಕ್ಯಾಥಿ ನಿಯಾಕನ್ ಅವರ ಗುಂಪು ಲಂಡನ್ನಿನಲ್ಲಿ ಮನುಷ್ಯ, ಹಸು, ಇಲಿ ಮೂರನ್ನೂ ಹೋಲಿಸಿ 2020ರಲ್ಲಿ ಬರೆದಿದೆ. ಮೂರರಲ್ಲೂ ಹೊರಗಿನ ಕೋಶಕ್ಕೆ ಎಪಿಕೆಸಿ ಟೋಪಿ, ನ್ಯೂಕ್ಲಿಯಸ್ಸಿನಲ್ಲಿ ಯಾಪ್. ಎಪಿಕೆಸಿಯನ್ನು ತಡೆದರೆ ಮಾಸಿನ ಕಡೆಯ ಗುರುತು ಕಡಿಮೆ ಆಗುತ್ತದೆ. ಆದರೆ ಮನುಷ್ಯರಲ್ಲಿ ಮೊದಲು ಏಳುವ ಗುರುತು ಸಿಡಿಎಕ್ಸ್2 ಅಲ್ಲ, ಗ್ಯಾಟಾ3. ಮೇಷ್ಟ್ರೇ, ನಿಮ್ಮ ಮಕ್ಕಳಿಗೆ ಹಸುವಿನ ವಿಷಯ ಹೇಳಿ. ಹಸು ಈದ ಮೇಲೆ ಕಸ, ಅಂದರೆ ಮಾಸು, ಬೀಳುವುದನ್ನು ಅವರು ಕಣ್ಣಾರೆ ನೋಡಿರುತ್ತಾರೆ.

---

ಧಾರವಾಡದ ಎಂಎಸ್ಸಿ:

ಸುಮ ಅಕ್ಕ, ಒಂದು ಅನುಮಾನ. ಎಂಟು ಕೋಶದ ತನಕ ಎಲ್ಲವೂ ಒಂದೇ ಥರ ಅಂತ ಹೇಳಿದ್ದೀರಿ. ನಾಲ್ಕು ಕೋಶದ ಹಂತದಲ್ಲೇ ವ್ಯತ್ಯಾಸ ಇದೆ ಅಂತ ನಾನು ಸೆಮಿನಾರಿಗೆ ಓದಿದ್ದೆ. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನ್ ಮೇಲಿನ ಗುರುತು, ಆ ಗುರುತು ಹಾಕುವ ಕಾರ್ಮ್1 ಅಂತೆಲ್ಲ ಇತ್ತು. ಎರಡರಲ್ಲಿ ಯಾವುದು ಸರಿ?

---

ತೀರ್ಥಹಳ್ಳಿ ಸುಮ:

ಒಳ್ಳೆಯ ಕಡೆ ಹಿಡಿದಿದ್ದೀಯ ತಮ್ಮಾ. "ಒಂದೇ ಥರ" ಅಂತ ನಾನು ಬರೆದದ್ದು ಸ್ವಲ್ಪ ಜಾಸ್ತಿ ಆಯಿತು. ನೀನು ಓದಿದ್ದು 2007ರ ಕೆಲಸ ಇರಬೇಕು. ಮರಿಯಾ-ಎಲೆನಾ ಟೊರೆಸ್-ಪಡಿಯಾ ಮತ್ತು ಜೊತೆಯವರು, ಅದೂ ಜೆರ್ನಿಕಾ-ಗ್ಯೋಟ್ಸ್ ಅವರ ಗುಂಪಿನಿಂದಲೇ. ನಾಲ್ಕು ಕೋಶಗಳಲ್ಲಿ ಈ ಗುರುತು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ, ಕಾರ್ಮ್1 ಜಾಸ್ತಿ ಮಾಡಿದ ಕೋಶದ ಮಕ್ಕಳು ಒಳಗಿನ ಗುಂಪಿನ ಕಡೆ ವಾಲುತ್ತವೆ ಅಂತ ತೋರಿಸಿದರು.

ಇದರ ಬಗ್ಗೆ ಈ ರಂಗದಲ್ಲಿ ಬಹಳ ವರ್ಷ ಜೋರು ವಾದ ನಡೆದಿದೆ. ಕಾನ್ಫರೆನ್ಸಿನಲ್ಲಿ ಮೈಕಿನ ಮುಂದೆ ಸಾಲು ನಿಂತದ್ದನ್ನು ನಾನು ನೋಡಿದ್ದೇನೆ. ನನ್ನ ಅಭಿಪ್ರಾಯ ಕೇಳಿದರೆ, ವಾಲುವುದು ಬೇರೆ, ತೀರ್ಮಾನ ಆಗುವುದು ಬೇರೆ. ಇಳಿಜಾರಿನ ಹೊಲದಲ್ಲಿ ನೀರು ಒಂದು ಕಡೆ ಹೋಗಲು ನೋಡುತ್ತದೆ. ಆದರೆ ಬದು ಕಟ್ಟಿದರೆ ಬೇರೆ ಕಡೆಗೂ ತಿರುಗುತ್ತದೆ. ನಾಲ್ಕು ಕೋಶದ ವ್ಯತ್ಯಾಸ ಆ ಇಳಿಜಾರು. ಟೋಪಿ ಬದು. ತಾರ್ಕೋವ್‌ಸ್ಕಿ ಒಂದು ಕೋಶ ಸಾಯಿಸಿದರೂ ಇಲಿ ಹುಟ್ಟಿತಲ್ಲ, ಅದನ್ನು ಮರೆಯಬಾರದು.

ನಿಕೋಲಾಸ್ ಪ್ಲಾಖ್ತಾ ಅವರ ಗುಂಪಿನ 2020ರ ಕೆಲಸವನ್ನೂ ಓದು. ಕೂದಲು, ಉಗುರಿನಲ್ಲಿರುವ ಕೆರಟಿನ್ ಇದೆಯಲ್ಲ, ಅದೇ ಬಳಗದ ಎಳೆಗಳು ಎಂಟು ಕೋಶದಲ್ಲೇ ಕೆಲವು ಕೋಶದಲ್ಲಿ ಮಾತ್ರ ಕಾಣಿಸಿಕೊಂಡು, ಒಡೆಯುವಾಗ ಟೋಪಿಯ ಕಡೆಯೇ ಉಳಿದು, ಹೊರಗಿನ ಮಗಳಿಗೇ ಹೋಗುತ್ತವೆ. ಸೆಮಿನಾರಿಗೆ ಚೆನ್ನಾಗಿರುತ್ತದೆ.

---

ಶಿಡ್ಲಘಟ್ಟ ಮೇಷ್ಟ್ರು:

ಎಲ್ಲರಿಗೂ ಮನಸಾರೆ ಧನ್ಯವಾದ. ಸುಮ ಅವರೇ, ನಿಮ್ಮ ಉತ್ತರವನ್ನು ಮೂರು ಸಲ ಓದಿದೆ. ಸೋಮವಾರ ತರಗತಿಯಲ್ಲಿ ಏನಾಯಿತು ಅಂತ ಹೇಳಲೇಬೇಕು.

ಬಾಯಲ್ಲಿ ಹೇಳಿದರೆ ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ ಅನ್ನಿಸಿತು. ಮನೆಯಲ್ಲಿ ಮೈದಾ ಹಿಟ್ಟು ಗಟ್ಟಿಯಾಗಿ ಕಲಸಿಕೊಂಡು ಹೋದೆ. ಒಂದು ತಟ್ಟೆಯಲ್ಲಿ ಅರಿಶಿನದ ಪುಡಿ. ಎಂಟು ಮಕ್ಕಳನ್ನು ಕರೆದು ಒಂದೊಂದು ಉಂಡೆ ಮಾಡಿಸಿದೆ. ಎಂಟನ್ನೂ ಸೇರಿಸಿ, ಬಿಡದ ಹಾಗೆ ಆದರೆ ಕಲೆಯದ ಹಾಗೆ ಒತ್ತಿದೆವು. ನುಣ್ಣನೆಯ ಉಂಡೆ ಆಯಿತು. ಕಂಪ್ಯಾಕ್ಷನ್ ಅಂತ ಬೋರ್ಡಿನಲ್ಲಿ ಬರೆದೆ. ಆ ಉಂಡೆಯನ್ನು ಅರಿಶಿನದಲ್ಲಿ ಹೊರಳಿಸಿದೆವು. ಆಮೇಲೆ ಎಚ್ಚರಿಕೆಯಿಂದ ಬಿಡಿಸಿದೆವು. ಪ್ರತಿ ಉಂಡೆಗೂ ಒಂದು ಕಡೆ ಹಳದಿ ಟೋಪಿ, ಉಳಿದ ಕಡೆ ಬಿಳಿ! ತರಗತಿಯಲ್ಲಿ ಚಪ್ಪಾಳೆ ಬಿತ್ತು. ಹಳದಿ ಎಲ್ಲಿ ಬೀಳಬೇಕು ಅಂತ ಯಾರೂ ಗುರುತು ಹಾಕಿರಲಿಲ್ಲ, ಅಲ್ವಾ? ತಾಗದೆ ಉಳಿದ ಮೈಗೇ ಹಳದಿ ಬಿತ್ತು. ನೀವು ಬರೆದ ಅಷ್ಟೂ ಮಾತು ಆ ಒಂದು ನಿಮಿಷದಲ್ಲಿ ಮಕ್ಕಳಿಗೆ ಕಂಡಿತು.

ಆಮೇಲೆ ದಾರದಿಂದ ಕತ್ತರಿಸಿದೆವು. ಒಂದು ಉಂಡೆಯನ್ನು ಟೋಪಿಯ ನಡುವೆ ಸೀಳಿದೆವು. ಎರಡಕ್ಕೂ ಅರ್ಧರ್ಧ ಹಳದಿ. ಇನ್ನೊಂದನ್ನು ಟೋಪಿಯ ಕೆಳಗೆ ಅಡ್ಡ ಕತ್ತರಿಸಿದೆವು. ಒಂದಕ್ಕೆ ಪೂರ್ತಿ ಹಳದಿ, ಇನ್ನೊಂದು ಬಿಳಿ. ಆ ಬಿಳಿಯದೇ ಒಳಗಿನ ಕೋಶ ಅಂತ ಹೇಳುವ ಮೊದಲೇ ಮೂರು ನಾಲ್ಕು ಮಕ್ಕಳು ಕೂಗಿದರು. ಒಬ್ಬ ಹುಡುಗ ಓರೆಯಾಗಿ ಕತ್ತರಿಸಿದ. ಒಂದಕ್ಕೆ ಜಾಸ್ತಿ ಹಳದಿ, ಒಂದಕ್ಕೆ ಅಂಚಿನಲ್ಲಿ ಸ್ವಲ್ಪ. ಇದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಪ್ರಶ್ನೆ ಕೇಳಿದ ಹುಡುಗಿ ಇಷ್ಟಕ್ಕೆ ಸುಮ್ಮನಾಗಲಿಲ್ಲ. ಬಿಳಿ ಉಂಡೆಯೊಂದನ್ನು ಕೈಯಲ್ಲಿ ಹಿಡಿದು, "ಇದನ್ನು ಎತ್ತಿ ಮತ್ತೆ ಹೊರಗಡೆ ಇಟ್ಟರೆ ಏನಾಗುತ್ತದೆ ಸರ್?" ಅಂತ ಕೇಳಿದಳು. ಈ ಎರಡೂ ಪ್ರಶ್ನೆಯನ್ನು ಅವರ ಪರವಾಗಿ ಇಲ್ಲಿ ಇಡುತ್ತಿದ್ದೇನೆ.

---

ತೀರ್ಥಹಳ್ಳಿ ಸುಮ:

ಮೇಷ್ಟ್ರೇ, ನನಗೆ ಐದು ವರ್ಷದಲ್ಲಿ ಈ ಅರಿಶಿನ ಹೊಳೆದಿರಲಿಲ್ಲ. ನಾನೂ ಇನ್ನು ಮೇಲೆ ಹೀಗೆಯೇ ತೋರಿಸುತ್ತೇನೆ.

ಹುಡುಗನ ಓರೆ ಕಡಿತ ನಿಜವಾದ ಭ್ರೂಣದಲ್ಲೂ ಇದೆ. ಅಲ್ಲಿ ಎಲ್ಲವೂ ನೇರವಾಗಿ ಸೀಳುವುದಿಲ್ಲ. ಟೋಪಿ ಸಿಗದ ಕೋಶವೂ ಒಡೆದ ತಕ್ಷಣ ಎಷ್ಟೋ ಸಲ ಹೊರಗೇ ಕೂತಿರುತ್ತದೆ. ಆಮೇಲೆ ಒಳಗೆ ಜಾರುತ್ತದೆ. ಟೋಪಿ ಇರುವ ಕಡೆ ಎಳೆಗಳ ಬಿಗಿತ ಕಡಿಮೆ. ಟೋಪಿ ಇಲ್ಲದ ಕೋಶ ಜಾಸ್ತಿ ಬಿಗಿಯಾಗಿರುತ್ತದೆ. ಆ ಬಿಗಿತದಿಂದಲೇ ಅದು ಕೆಳಗೆ ಇಳಿದು, ಪಕ್ಕದವರು ಅದರ ಮೇಲೆ ಹರಡಿಕೊಳ್ಳುತ್ತಾರೆ. 80 ಸೆಕೆಂಡಿನ ಮಿಡಿತ ಹೇಳಿದ್ದೆನಲ್ಲ, ಅದೇ ಮೇತ್ರ್ ಅವರು 2016ರಲ್ಲಿ ಇದನ್ನೂ ಅಳೆದು ತೋರಿಸಿದರು. ಹಾಗಾಗಿ ಹುಡುಗನಿಗೆ ಹೇಳಿ: ಅಂಚಿನಲ್ಲಿ ಎಷ್ಟು ಹಳದಿ ಉಳಿಯಿತು, ಪಕ್ಕದವರಿಗಿಂತ ಅದು ಎಷ್ಟು ಬಿಗಿ, ಎರಡೂ ನೋಡಬೇಕು.

ಹುಡುಗಿಯ ಪ್ರಶ್ನೆ ನನಗೆ ಇನ್ನೂ ಇಷ್ಟ ಆಯಿತು. ಹದಿನಾರು ಕೋಶದ ಹಂತದಲ್ಲಿ ಒಳಗಿನ ಕೋಶವನ್ನು ಹೊರಗೆ ಇಟ್ಟರೆ ಅದು ಹೊಸದಾಗಿ ಟೋಪಿ ಕಟ್ಟಿಕೊಳ್ಳಬಲ್ಲದು. ಅದೇ ತಾರ್ಕೋವ್‌ಸ್ಕಿ, 1959ರಲ್ಲಿ ಸೂಜಿ ಹಿಡಿದವರು, 2008ರಲ್ಲೂ ಈ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತಿದ್ದರು. ಹದಿನಾರು ಕೋಶದ ಭ್ರೂಣಗಳಿಂದ ಬರೀ ಒಳಗಿನ ಕೋಶಗಳನ್ನೇ ಆಯ್ದು ಒಟ್ಟು ಸೇರಿಸಿದರು. ಅದರಿಂದಲೂ ಇಲಿ ಹುಟ್ಟಿತು. ಬರೀ ಹೊರಗಿನವನ್ನು ಸೇರಿಸಿದಾಗಲೂ ಹುಟ್ಟಿತು. ಮುಂದಿನ ಹಂತಗಳಿಗೆ ಹೋದ ಹಾಗೆ ಈ ಸಡಿಲ ಕಡಿಮೆ ಆಗುತ್ತದೆ.

ಹಿಟ್ಟು ಉಳಿದಿದ್ದರೆ ಅವಳ ಕೈಯಲ್ಲೇ ಮಾಡಿಸಿ. ಬಿಳಿ ಉಂಡೆಗಳನ್ನೇ ಎಂಟು ಸೇರಿಸಿ, ಒತ್ತಿ, ಮತ್ತೆ ಅರಿಶಿನದಲ್ಲಿ ಹೊರಳಿಸಲಿ.